ಜಾಜರ್‌ಕೋಟ್‌ಗೆ ಹದಿನಾಲ್ಕು ಮೂಟೆ ಬಟ್ಟೆ ಕಳಿಸಬೇಕಾ?

ಪ್ರಶ್ನೆ: ನಾವು ಬೆಂಗಳೂರಿನ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನವರು. ನಮ್ಮ ಸೆಕ್ಯುರಿಟಿ ಬಹದ್ದೂರ್ ಹಲವು ವರ್ಷದಿಂದ ಇಲ್ಲೇ ಇದ್ದಾನೆ. ಅವನ ಊರು ನೇಪಾಳದ ಜಾಜರ್‌ಕೋಟ್ ಜಿಲ್ಲೆ. 2023ರ ನವೆಂಬರ್ 3ರ ಭೂಕಂಪದಲ್ಲಿ ಅವನ ಮನೆ ಬಿದ್ದುಹೋಯಿತು, ಅತ್ತಿಗೆ ತೀರಿಕೊಂಡರು. ಊರಿಗೆ ಹೋಗಿ ಮೂರೇ ವಾರಕ್ಕೆ ವಾಪಸ್ ಬಂದಿದ್ದಾನೆ. ಹೆಂಡತಿ, ಮಕ್ಕಳು ಅಲ್ಲಿ ಟಾರ್ಪಾಲಿನ ಕೆಳಗೆ ಮಲಗುತ್ತಿದ್ದಾರಂತೆ. ನಾವೆಲ್ಲ ಸೇರಿ ಹದಿನಾಲ್ಕು ಮೂಟೆ ಬಟ್ಟೆ ಮತ್ತು 38,000 ರೂಪಾಯಿ ಒಟ್ಟು ಮಾಡಿದ್ದೇವೆ. ಹೇಗೆ ಕಳಿಸುವುದು? ಕೆಲವರು ‘ನಮ್ಮಲ್ಲೇ ಬರಗಾಲ, ನೇಪಾಳಕ್ಕೆ ಯಾಕೆ’ ಅಂತಾರೆ. ಇನ್ನೊಂದು ವಿಷಯ, ಭೂಕಂಪದ ವಿಡಿಯೊಗಳನ್ನು ನೋಡಿದ ಮೇಲೆ ನನಗೆ ರಾತ್ರಿ ಬೆಚ್ಚಗೆ ಹೊದ್ದು ಮಲಗುವುದಕ್ಕೂ ಒಂಥರಾ ಆಗುತ್ತದೆ.

ಉತ್ತರ: ಮೊದಲು ಮೂಟೆಗಳ ವಿಷಯ ಮುಗಿಸಿಬಿಡೋಣ. ಕಳಿಸಬೇಡಿ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಲಖನೌ ಹಾದು ಗಡಿಯ ರುಪೈದಿಹಾ ಮುಟ್ಟುವುದಕ್ಕೇ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿ ಕಸ್ಟಮ್ಸ್. ಆ ಕಡೆ ನೇಪಾಳ್‌ಗಂಜ್, ಅಲ್ಲಿಂದ ಸುರ್ಖೇತ್, ಆಮೇಲೆ ಗುಡ್ಡ ಕೊರೆದು ಮಾಡಿದ ರಸ್ತೆ, ಆ ರಸ್ತೆ ಮುಗಿದ ಮೇಲೆ ಹೆಗಲು. ನಿಮ್ಮ ಮೂಟೆಗಳ ಬೆಲೆಗಿಂತ ಲಾರಿ ಬಾಡಿಗೆಯೇ ಹೆಚ್ಚಾಗುತ್ತದೆ. ಹೇಗೋ ಹೋಗಿ ತಲುಪಿದವು ಅನ್ನಿ. ಅಲ್ಲಿ ಅದನ್ನು ಬಿಚ್ಚಿ, ಗಂಡಸರದು, ಹೆಂಗಸರದು, ಮಕ್ಕಳದು, ಹರಿದದ್ದು, ಹರಿಯದ್ದು ಅಂತ ವಿಂಗಡಿಸುವವರು ಯಾರು? ಮನೆ ಕಳೆದುಕೊಂಡವರೇ ತಾನೆ.

2004ರ ಡಿಸೆಂಬರ್ 26ರ ಸುನಾಮಿ ಆದಮೇಲೆ ನಾಗಪಟ್ಟಿಣಂನಲ್ಲಿ ಆಗಿದ್ದು ಇದೇ. ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಹಳೇ ಬಟ್ಟೆ ಬಂತು. ಇಳಿಸಲು ಜಾಗ ಇಲ್ಲದೆ ರಸ್ತೆ ಬದಿಯಲ್ಲಿ ಸುರಿದು ಹೋದರು. ಮೀನುಗಾರರ ಕುಟುಂಬಗಳು ಅದನ್ನು ಮುಟ್ಟಲಿಲ್ಲ, ಯಾಕೆ ಮುಟ್ಟಬೇಕು? ಹಿಂದಿನ ವಾರದವರೆಗೂ ದುಡಿದು ಉಂಡು ಮರ್ಯಾದೆಯಿಂದ ಬಾಳಿದವರು ಅವರು. ದೋಣಿ, ಬಲೆ ಹೋದವರಿಗೆ ಬೇಕಾಗಿದ್ದು ದೋಣಿ, ಬಲೆ. ನಮ್ಮ ಬೀರು ಖಾಲಿ ಆಗುವ ಕೆಲಸಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ಹಾಗಂತ ಮೂಟೆಗಳನ್ನು ಕಸಕ್ಕೆ ಹಾಕಬೇಡಿ. ಒಂದು ಭಾನುವಾರ ನಾಲ್ಕು ಜನ ಕೂತು ವಿಂಗಡಿಸಿ. ಹಳೇ ಬಟ್ಟೆಯನ್ನೇ ಕಸುಬಾಗಿ ಮಾಡಿಕೊಂಡಿರುವ ಗೂಂಜ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ತೆಗೆದುಕೊಳ್ಳುತ್ತವೆ. ಒಗೆದು, ಮಡಿಸಿ, ಗುಂಡಿ ಇದೆಯಾ ನೋಡಿ ಕೊಡಿ.

ಈಗ 38,000 ರೂಪಾಯಿ. ಇದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ಮೊತ್ತ. ಭಾರತದ ನೂರು ರೂಪಾಯಿಗೆ ನೇಪಾಳದ 160 ರೂಪಾಯಿ, ದರ ನಿಗದಿ ಆಗಿಬಿಟ್ಟಿದೆ, ದಿನಾ ಏರುಪೇರು ಇಲ್ಲ. ಅಂದರೆ ನಿಮ್ಮ ದುಡ್ಡು ಅಲ್ಲಿ 60,800 ಆಗುತ್ತದೆ. ಮನೆ ಬಿದ್ದವರಿಗೆ ತಾತ್ಕಾಲಿಕ ಸೂರು ಕಟ್ಟಿಕೊಳ್ಳಲು ನೇಪಾಳ ಸರ್ಕಾರ ಕೊಡುವುದಾಗಿ ಹೇಳಿರುವುದು ಒಂದು ಕುಟುಂಬಕ್ಕೆ 50,000 ನೇಪಾಳಿ ರೂಪಾಯಿ, ಅದೂ 25,000ದಂತೆ ಎರಡು ಕಂತಿನಲ್ಲಿ. ನಿಮ್ಮ ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಒಂದು ಸರ್ಕಾರದ ಪರಿಹಾರಕ್ಕಿಂತ ಜಾಸ್ತಿ ಕೂಡಿಸಿದೆ! ಹಾಗಾಗಿ ‘ನಾವು ಕೊಡೋದು ಎಷ್ಟರ ಮಹಾ’ ಅನ್ನುವ ಮಾತು ಬಿಡಿ. ಅದರ ಬದಲು, ಇಷ್ಟು ದುಡ್ಡನ್ನು ಯಾವಾಗ ಕೊಟ್ಟರೆ ಉಪಯೋಗ ಅಂತ ಕೇಳಿ.

ನನ್ನ ಅಭಿಪ್ರಾಯ ಇದು: ದೂರದ ಊರಿನ ಅನಾಹುತದಲ್ಲಿ ನಮ್ಮಂಥವರ ಸರದಿ ಬರುವುದು ತಡವಾಗಿ. ಮೊದಲ ದಿನ ಪೂರ್ತಿ ಅಕ್ಕಪಕ್ಕದವರದು. 2015ರ ಏಪ್ರಿಲ್ 25ರಂದು ಗೋರ್ಖಾ ಭೂಕಂಪ ಆದಾಗ ಎಷ್ಟೋ ದೇಶಗಳಿಂದ ನಾಯಿ, ಯಂತ್ರ ಎಲ್ಲ ಹಿಡಿದುಕೊಂಡು ರಕ್ಷಣಾ ತಂಡಗಳು ಕಾಠ್ಮಂಡುವಿಗೆ ಬಂದವು. ಸುಮಾರು ಒಂಬತ್ತು ಸಾವಿರ ಜನ ಸತ್ತ ಆ ದುರಂತದಲ್ಲಿ ಹೊರದೇಶದ ಅಷ್ಟೂ ತಂಡಗಳು ಜೀವಂತ ಹೊರತೆಗೆದದ್ದು 16 ಜನರನ್ನು. ಅವರ ಶ್ರಮ ಸಣ್ಣದು ಅಂತಲ್ಲ. ಅವರು ವಿಮಾನ ಇಳಿಯುವಷ್ಟರಲ್ಲಿ ಬದುಕಿಸಬಹುದಾದವರನ್ನು ಪಕ್ಕದ ಮನೆಯವರು ಹಾರೆ ಗುದ್ದಲಿಯಲ್ಲಿ, ಬರಿಗೈಯಲ್ಲಿ ಆಗಲೇ ತೆಗೆದಿದ್ದರು. ಕಾಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ, ವಿಮಾನಗಳ ಒತ್ತಡಕ್ಕೆ ಅದೂ ಹಾಳಾಗಿ ಭಾರಿ ವಿಮಾನಗಳನ್ನು ಇಳಿಸುವುದನ್ನೇ ನಿಲ್ಲಿಸಬೇಕಾಯಿತು.

ಆಮೇಲಿನ ಒಂದೆರಡು ವಾರ ಸರ್ಕಾರಗಳದು, ದೊಡ್ಡ ಸಂಸ್ಥೆಗಳದು. ಈ ಸಲವೂ ಭಾರತ ನವೆಂಬರ್ 5ಕ್ಕೇ 11 ಟನ್‌ಗೂ ಹೆಚ್ಚು ಸಾಮಗ್ರಿಯನ್ನು ವಾಯುಪಡೆಯ ವಿಮಾನದಲ್ಲಿ ನೇಪಾಳ್‌ಗಂಜ್‌ಗೆ ಕಳಿಸಿತು: ಟೆಂಟು, ಟಾರ್ಪಾಲು, ಕಂಬಳಿ, ಔಷಧಿ. ಅದರ ಜೊತೆ ಪೈಪೋಟಿಗೆ ನಿಮ್ಮ ಮೂಟೆ ಬೇಕಾಗಿಲ್ಲ.

ಆಮೇಲೆ ಏನಾಗುತ್ತದೆ ಗೊತ್ತಾ? ಟಿವಿಯವರು ಹೋಗುತ್ತಾರೆ. ಒಂದೂವರೆ ತಿಂಗಳಾಗುತ್ತದೆ. ಟಾರ್ಪಾಲು ಬಿಸಿಲಿಗೆ, ಗಾಳಿಗೆ ಹರಿಯಲು ಶುರುವಾಗುತ್ತದೆ. ಮಾಗಿ ಚಳಿ ಬರುತ್ತದೆ. ಊರಿನ ಸಾಹುಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ ಬಡ್ಡಿಗೆ ಸಾಲ ತರುತ್ತಾರೆ. ಗಂಡಸರು ಮತ್ತೆ ಬೆಂಗಳೂರಿನ, ದಿಲ್ಲಿಯ, ಮುಂಬೈಯ ಬಸ್ಸು ರೈಲು ಹತ್ತುತ್ತಾರೆ. ನಿಮ್ಮ ಸೆಕ್ಯುರಿಟಿ ಮೂರೇ ವಾರಕ್ಕೆ ವಾಪಸ್ ಬಂದದ್ದು ಯಾಕೆ ಅಂತ ಯೋಚಿಸಿದ್ದೀರಾ? ರಜೆಗೆ ಸಂಬಳ ಇಲ್ಲ, ಇನ್ನೂ ತಡ ಮಾಡಿದರೆ ಕೆಲಸವೂ ಇಲ್ಲ, ಅದಕ್ಕೆ. ಈಗ, ಅಂದರೆ ಡಿಸೆಂಬರ್ ಮಧ್ಯದಲ್ಲಿ, ನಿಮ್ಮ ಸರದಿ ಬಂದಿದೆ.

ನಿಮ್ಮ ಸೆಕ್ಯುರಿಟಿಯವರ ಜೊತೆ ಕೂತು ಮಾತಾಡಿ ಅನ್ನುವುದು ನನ್ನ ಮೊದಲ ಸಲಹೆ. ಗೇಟಿನ ಹತ್ತಿರ ನಿಂತುಕೊಂಡಲ್ಲ. ಮನೆಗೆ ಕರೆದು, ಟೀ ಕೊಟ್ಟು. ಹಾಗೇ ಅವರ ನಿಜವಾದ ಹೆಸರು ಏನು ಅಂತ ಕೇಳಿಕೊಳ್ಳಿ. ಬಹದ್ದೂರ್ ಅನ್ನುವುದೇ ಹೆಸರಾಗಿದ್ದರೆ ಸರಿ, ಆದರೆ ನಾವು ಬೆಂಗಳೂರಿನವರು ಸಿಕ್ಕಿದ ನೇಪಾಳಿಗಳಿಗೆಲ್ಲ ಅದೇ ಹೆಸರಿಟ್ಟು ಕೂಗುವ ಚಾಳಿಯವರು. ದುಡ್ಡು ಕಳಿಸುವ ಫಾರಂನಲ್ಲಿ ಹೇಗೂ ಹೆಸರು ಬರೆಯಬೇಕಲ್ಲ.

ಕೇಳುವಾಗ ‘ಏನು ಸಹಾಯ ಬೇಕು’ ಅಂತ ಕೇಳಿದರೆ ‘ನೀವು ಕೊಟ್ಟಿದ್ದು ಸಾಕು ಸಾರ್’ ಅಂತಾರೆ, ಅಷ್ಟೇ. ಬಿಡಿಸಿ ಕೇಳಿ. ಮನೆಯವರು ಈಗ ಎಲ್ಲಿ ಮಲಗುತ್ತಿದ್ದಾರೆ? ತಗಡು ಸಿಕ್ಕಿದೆಯಾ? ಸರ್ಕಾರದ ಪಟ್ಟಿಯಲ್ಲಿ ಹೆಸರು ಬಂದಿದೆಯಾ? ಮೊದಲ ಕಂತು ಬಂತಾ? ಸಾಲ ಎಷ್ಟಾಗಿದೆ, ಬಡ್ಡಿ ಎಷ್ಟು? ಎಮ್ಮೆ, ಮೇಕೆ ಉಳಿದವಾ? ಕಾಳು ಮಣ್ಣಡಿ ಹೋಯಿತಾ? ಭೂಕಂಪ ಆದದ್ದು ಸುಗ್ಗಿಯ ಹೊತ್ತು, ಕಣಜವೂ ಮನೆಯೊಳಗೇ ಇರುತ್ತದೆ, ಹಾಗಾಗಿ ಮನೆ ಬಿತ್ತು ಅಂದರೆ ವರ್ಷದ ಊಟವೂ ಬಿತ್ತು ಅಂತಲೇ ಎಷ್ಟೋ ಕಡೆ ಅರ್ಥ.

2015ರಲ್ಲಿ ಗೋರ್ಖಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಅಲ್ಲಿಗೆ ಒಂದು ಟ್ರಕ್ ಬಾಟಲಿ ನೀರು, ನೂಡಲ್ಸ್ ಬಂದಿತ್ತು. ಊರಿನ ಮೇಲುಗಡೆ ತಣ್ಣಗಿನ ಒರತೆ ಹಾಗೇ ಹರಿಯುತ್ತಿತ್ತು, ಯಾರಿಗೂ ಬಾಟಲಿ ನೀರು ಬೇಕಿರಲಿಲ್ಲ. ತಗಡುಗಳು ಹಿಂದಿನ ವಾರವೇ ಬಂದು ಅಂಗಳದಲ್ಲಿ ಬಿದ್ದಿದ್ದವು, ಅದರ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಯಾಕೆ ಹೊದಿಸಿಲ್ಲ ಅಂತ ಕೇಳಿದರೆ ಒಬ್ಬ ಅಜ್ಜ ಹೆಬ್ಬೆರಳು ತೋರುಬೆರಳು ಅಗಲಿಸಿ ಮೊಳೆಯ ಉದ್ದ ತೋರಿಸಿದರು. ತಗಡಿಗೆ ಹೊಡೆಯುವ ಅಗಲ ತಲೆಯ ಮೊಳೆ ಮತ್ತು ವಾಷರ್ ಯಾರೂ ಕಳಿಸಿರಲಿಲ್ಲ, ಕೆಳಗಿನ ಪೇಟೆಯಲ್ಲಿ ಇದ್ದ ದಾಸ್ತಾನು ಖಾಲಿಯಾಗಿತ್ತು. ಮಳೆಗಾಲಕ್ಕೆ ಇನ್ನು ಕೆಲವೇ ವಾರ. ಆ ಮೊಳೆಯ ಸಂಗತಿ ಕಾಠ್ಮಂಡುವಿನಲ್ಲಿ ಕೂತವರಿಗೇ ಗೊತ್ತಾಗಲಿಲ್ಲ, ನಮಗೆ ಇಲ್ಲಿ ಕೂತು ಹೇಗೆ ಗೊತ್ತಾಗಬೇಕು? ಆದರೆ ನಿಮ್ಮ ಗೇಟಿನಲ್ಲಿರುವ ಮನುಷ್ಯನಿಗೆ ಇಂಥದ್ದೆಲ್ಲ ಗೊತ್ತು, ದಿನಾ ರಾತ್ರಿ ಫೋನಿನಲ್ಲಿ ಅವರು ಕೇಳುತ್ತಿರುವುದು ಅದನ್ನೇ. ದೊಡ್ಡ ದೊಡ್ಡ ಸಂಸ್ಥೆಗಳಿಗೂ ಇಲ್ಲದ ಅನುಕೂಲ ನಿಮಗಿದೆ.

ನಮ್ಮ ಕಡೆಯದೇ ಒಂದು ಉದಾಹರಣೆ ಬೇಕೆಂದರೆ 2009ರ ಉತ್ತರ ಕರ್ನಾಟಕದ ನೆರೆ ನೆನಪಿಸಿಕೊಳ್ಳಿ. ದಾನಿಗಳ ದುಡ್ಡಲ್ಲಿ ‘ಆಸರೆ’ ಮನೆಗಳು ಎದ್ದವು. ಮನಸ್ಸಿಟ್ಟು ಕೊಟ್ಟವರೇ ಬಹಳ. ಆದರೂ ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲಿಲ್ಲ. ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ, ಮೇವು ಒಟ್ಟಲು ಜಾಗವಿಲ್ಲ. ರೈತನಿಗೆ ಮನೆ ಕಟ್ಟುವಾಗ ಎತ್ತಿನ ಬಗ್ಗೆ ಕೇಳದೇ ಹೋದರು, ಇನ್ನೇನು ಹೇಳಲಿ.

ದುಡ್ಡು ಕಳಿಸುವ ದಾರಿ ಸುಲಭ. ರಿಸರ್ವ್ ಬ್ಯಾಂಕಿನ ಭಾರತ–ನೇಪಾಳ ಹಣ ರವಾನೆ ಯೋಜನೆ ಅಂತ ಒಂದಿದೆ, 2008ರಿಂದ ಇದೆ. ನೆಫ್ಟ್ ಇರುವ ಬ್ಯಾಂಕ್ ಶಾಖೆಗೆ ಹೋಗಿ ಕೇಳಿ. ಖಾತೆ ಇದ್ದವರು ಒಂದು ಸಲಕ್ಕೆ 2 ಲಕ್ಷ ರೂಪಾಯಿವರೆಗೆ, ಖಾತೆ ಇಲ್ಲದವರು ಗುರುತಿನ ಚೀಟಿ ತೋರಿಸಿ ನಗದು ಕಟ್ಟಿ 50,000ದವರೆಗೆ ಕಳಿಸಬಹುದು. ಕೌಂಟರಿನಲ್ಲಿ ಕೂತ ಹುಡುಗನಿಗೆ ಈ ಯೋಜನೆಯೇ ಗೊತ್ತಿಲ್ಲದಿರಬಹುದು, ಬಿಡಬೇಡಿ, ಮ್ಯಾನೇಜರ್ ಹತ್ತಿರ ಹೋಗಿ. ಅಷ್ಟೆಲ್ಲ ಯಾಕೆ ಅಂದರೆ ದುಡ್ಡನ್ನು ಅವರ ಕೈಗೇ ಕೊಡಿ. ಇಷ್ಟು ವರ್ಷದಿಂದ ಊರಿಗೆ ಕಳಿಸುತ್ತಾ ಬಂದಿದ್ದಾರೆ, ಯಾವ ದಾರಿಯಲ್ಲಿ ಖರ್ಚು ಕಮ್ಮಿ ಅಂತ ನಿಮಗಿಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಊರಿಗೆ ಹೋಗುವವರ ಕೈಲಿ ನಗದು ಕಳಿಸುವುದೊಂದು ಬೇಡ. ರೈಲಿನಲ್ಲಿ, ಗಡಿಯಲ್ಲಿ ನೇಪಾಳಿ ಕೂಲಿಯವರನ್ನು ಗುರುತಿಟ್ಟು ದೋಚುವವರು ಇದ್ದಾರೆ.

ತೆರಿಗೆ ವಿನಾಯಿತಿ ಕೇಳುವವರು ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಇದಕ್ಕೆ ಇಲ್ಲ. ವಿನಾಯಿತಿ ಸಿಗುವುದು ಅದಕ್ಕೆ ನೋಂದಾಯಿಸಿಕೊಂಡ ಇಲ್ಲಿನ ಸಂಸ್ಥೆಗೆ ಕೊಟ್ಟರೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ, ಅದೂ ನಗದಾಗಿ ಕೊಟ್ಟದ್ದು 2,000 ಮೀರಿರಬಾರದು. ಬಟ್ಟೆಬರೆಗೆ ಹೇಗೂ ಇಲ್ಲ. ಒಬ್ಬ ಮನುಷ್ಯನಿಗೆ ಕೊಟ್ಟದ್ದು ಉಡುಗೊರೆ, ಅಷ್ಟೇ. ಇನ್ನು ಫೋನಿಗೆ ಬರುವ ‘ನೇಪಾಳಕ್ಕೆ ನೆರವಾಗಿ’ ಲಿಂಕುಗಳು, ಕ್ಯೂಆರ್ ಕೋಡುಗಳು: ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರಿನ ಬದಲು ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ಒಂದು ಸೂಕ್ಷ್ಮ ಇದೆ. ಇಡೀ ಊರೇ ಬಿದ್ದಿರುವಾಗ ಒಂದು ಮನೆಗೆ ಮಾತ್ರ ಬೆಂಗಳೂರಿನಿಂದ ದುಡ್ಡು ಬಂತು ಅಂದರೆ ಅಕ್ಕಪಕ್ಕದಲ್ಲಿ ಮಾತಾಗುತ್ತದೆ. ಅದು ನಿಮ್ಮ ತಲೆನೋವಲ್ಲ, ಅವರದು, ಆದರೆ ನಿರ್ಧಾರವನ್ನೂ ಅವರಿಗೇ ಬಿಡಿ. ಅಣ್ಣನ ಮನೆಗೂ ಸ್ವಲ್ಪ ಹೋಗಲಿ ಅನ್ನಬಹುದು, ಇಡೀ ಕೇರಿಗೆ ಕಂಬಳಿ ಅನ್ನಬಹುದು, ಅಥವಾ ಯಾರಿಗೂ ಹೇಳದೆ ಸಾಲ ತೀರಿಸಿಕೊಳ್ಳಬಹುದು. ನನ್ನ ಕೇಳಿದರೆ ಸಾಲ ತೀರಿಸುವುದು ಬಹಳ ಒಳ್ಳೇ ಉಪಯೋಗ. ಫೋಟೊ ಕಳಿಸು, ಬಿಲ್ ತೋರಿಸು ಅಂತ ಹಿಂಸೆ ಮಾಡಬೇಡಿ.

ಎಲ್ಲವನ್ನೂ ಒಂದೇ ಸಲ ಕಳಿಸಬೇಡಿ. ಚಳಿಗೆ ಬೇಕಾದಷ್ಟು ಈಗ ಹೋಗಲಿ. ಕಂಬಳಿ, ತಗಡು ಎಲ್ಲ ನೇಪಾಳ್‌ಗಂಜ್‌ನಲ್ಲಿ, ಸುರ್ಖೇತ್‌ನಲ್ಲಿ ಸಿಗುತ್ತವೆ, ಅಲ್ಲೇ ಕೊಂಡರೆ ಅಲ್ಲಿನ ಅಂಗಡಿಯವನೂ ಉಸಿರಾಡುತ್ತಾನೆ. ಉಳಿದದ್ದನ್ನು ಇಟ್ಟುಕೊಂಡು ಮನೆ ಮತ್ತೆ ಕಟ್ಟುವಾಗ ಕೊಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾಜರ್‌ಕೋಟ್ ಭೂಕಂಪ ಅಂಥ ದೈತ್ಯವೇನಲ್ಲ. ನೇಪಾಳದ ಲೆಕ್ಕದಲ್ಲಿ 6.4. ಗೋರ್ಖಾದ್ದು ಅದೇ ಲೆಕ್ಕದಲ್ಲಿ 7.6 ಇತ್ತು. ಆದರೂ ಜಾಜರ್‌ಕೋಟ್, ಪಶ್ಚಿಮ ರುಕುಮ್ ಎರಡು ಜಿಲ್ಲೆಗಳಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಗಂಟೆ ರಾತ್ರಿ 11:47, ಎಲ್ಲರೂ ಮನೆಯೊಳಗೆ ಮಲಗಿದ್ದರು. ಗೋರ್ಖಾದ್ದು ಶನಿವಾರ ಹಗಲು ಹೊತ್ತಲ್ಲಿ ಆಗಿತ್ತು, ನೇಪಾಳದಲ್ಲಿ ಶನಿವಾರ ಶಾಲೆಗೆ ರಜೆ, ಸಾವಿರಾರು ಶಾಲಾ ಕೊಠಡಿ ಬಿದ್ದರೂ ಒಳಗೆ ಮಕ್ಕಳಿರಲಿಲ್ಲ. ಇಲ್ಲಿ ಆ ಪುಣ್ಯ ಇರಲಿಲ್ಲ. ಹೊತ್ತಿನ ಜೊತೆಗೆ ಗೋಡೆಯೂ ಸೇರಿಕೊಂಡಿತು. ಮಣ್ಣಿನ ಗಾರೆಯಲ್ಲಿ ಕಾಡುಗಲ್ಲು ಜೋಡಿಸಿದ ದಪ್ಪ ಗೋಡೆ. ನೋಡಲು ಕೋಟೆಯ ಹಾಗೆ. ನಿಜವಾಗಿ ಅದು ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಚೂರುಕಲ್ಲು, ಮಣ್ಣು. ಎರಡೂ ಪದರವನ್ನು ಹಾಯ್ದು ಹಿಡಿಯುವ ಉದ್ದ ಕಲ್ಲು ಇಟ್ಟಿರುವುದಿಲ್ಲ. ನೆಲ ಅಲುಗಿದಾಗ ಪದರಗಳು ಬೇರೆಯಾಗಿ, ಒಳಗಿನದು ಮಲಗಿದವರ ಮೇಲೆ ಬೀಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದೂ ಇಂಥದ್ದೇ ಗೋಡೆ, ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ.

ಅದೇ ಕಲ್ಲು, ಅದೇ ಮಣ್ಣಲ್ಲಿ ಬೀಳದ ಮನೆ ಕಟ್ಟಬಹುದು. ಅಲ್ಲಲ್ಲಿ ಹಾಯುವ ಕಲ್ಲು, ಕಿಟಕಿಯ ಕೆಳಗೆ ಮತ್ತು ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಮರದ ಅಥವಾ ಕಾಂಕ್ರೀಟಿನ ಪಟ್ಟಿ, ಮೂಲೆಗಳಿಗೆ ಬಿಗಿ, ಮೇಲೆ ಹಗುರ ಮಾಡು. ಇದಕ್ಕೆ ಸ್ವಲ್ಪ ಜಾಸ್ತಿ ದುಡ್ಡು, ಕೆಲಸ ಕಲಿತ ದಕರ್ಮಿ ಬೇಕು. ಅಲ್ಲಿ ಗಾರೆಯವರನ್ನು ಹಾಗೇ ಕರೆಯುವುದು. ದುಡ್ಡು ಕಮ್ಮಿ ಬಿದ್ದರೆ ಮೊದಲು ಬಿಟ್ಟುಹೋಗುವುದು ಈ ಪಟ್ಟಿಯೇ, ಕಣ್ಣಿಗೆ ಕಾಣುವುದಿಲ್ಲವಲ್ಲ. ನಿಮ್ಮ ಎರಡನೆಯ ಕಂತು ಹೋಗಬೇಕಾದ್ದು ಅಲ್ಲಿಗೆ. ಚಳಿ ಕಳೆದು ಮಳೆ ಶುರುವಾಗುವ ಮೊದಲು, ಫಾಲ್ಗುಣ ಚೈತ್ರದ ಹೊತ್ತಿಗೆ ಮತ್ತೆ ಕೇಳಿ.

ದುಡ್ಡಿಗಿಂತ ದೊಡ್ಡದೊಂದು ನಿಮ್ಮ ಕೈಯಲ್ಲಿದೆ, ಅದು ರಜೆ. ಗೋರ್ಖಾ ಭೂಕಂಪದ ನಂತರ ಮನೆ ಕಟ್ಟಲು ಸರ್ಕಾರ ಕೊನೆಗೆ 3 ಲಕ್ಷ ನೇಪಾಳಿ ರೂಪಾಯಿ ಕೊಟ್ಟಿತು, ಮೂರು ಕಂತಿನಲ್ಲಿ. ಒಂದೊಂದು ಕಂತಿಗೂ ಇಂಜಿನಿಯರ್ ಬಂದು ನೋಡಬೇಕು, ಕಾಗದಕ್ಕೆ ರುಜು ಬೀಳಬೇಕು, ಜಮೀನಿನ ಲಾಲ್‌ಪುರ್ಜಾ ತೋರಿಸಬೇಕು. ನಮ್ಮ ಪಹಣಿ ಇದ್ದ ಹಾಗೆ ಅದು, ಸಾಮಾನ್ಯವಾಗಿ ಗಂಡಸಿನ ಹೆಸರಲ್ಲೇ ಇರುತ್ತದೆ. ಗಂಡ ಬೆಂಗಳೂರಿನಲ್ಲಿ ಗೇಟು ಕಾಯುತ್ತಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಚೇರಿಗೆ ಅಲೆಯಬೇಕು. ಪಟ್ಟಿಯಿಂದ ಹೆಸರು ತಪ್ಪಿಹೋಗುವುದು ಇಂಥ ಮನೆಗಳದೇ. ಅದಕ್ಕೇ ನಿಮ್ಮ ಸಂಘದ ಸಭೆಯಲ್ಲಿ ಈ ಮಾತು ಇಡಿ: ಮನೆ ಕಟ್ಟುವ ಕಾಲಕ್ಕೆ ಅವರಿಗೆ ಸಂಬಳದ ರಜೆ, ಹೋಗಿಬರುವ ಖರ್ಚು, ವಾಪಸ್ ಬಂದಾಗ ಅದೇ ಕೆಲಸ. ಅವರನ್ನು ಕಳಿಸಿದ ಏಜೆನ್ಸಿ ಸಂಬಳ ಹಿಡಿಯುತ್ತದೆ ಅಂದರೆ ಅಷ್ಟನ್ನು ಸಂಘವೇ ತುಂಬಲಿ.

‘ನಮ್ಮಲ್ಲೇ ಬರ’ ಅನ್ನುವವರ ಮೇಲೆ ಸಿಟ್ಟಾಗಬೇಡಿ. ಅವರು ಹೇಳುವುದರಲ್ಲಿ ಸತ್ಯ ಇದೆ. ಈ ವರ್ಷ (2023) ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದೆ. ಹಾಗಾದರೆ ಬರಕ್ಕೂ ಒಂದು ಡಬ್ಬಿ ಇಡೋಣ, ನೀವೇ ಮುಂದೆ ನಿಂತು ಮಾಡಿ ಅನ್ನಿ. ನಿಜವಾಗಿ ಕಾಳಜಿ ಇದ್ದವರು ಮಾಡುತ್ತಾರೆ, ಸುಮ್ನೆ ಅಂದವರು ಮುಂದಿನ ಸಭೆಗೆ ಬರುವುದಿಲ್ಲ. ಇಷ್ಟಕ್ಕೂ ನಿಮ್ಮ ಮನೆಯ ಮಕ್ಕಳು ಶಾಲಾ ಬಸ್ ಹತ್ತುವುದನ್ನು ದಿನಾ ನೋಡಿಕೊಳ್ಳುವ ಮನುಷ್ಯ ‘ನಮ್ಮಲ್ಲಿ’ ಅನ್ನುವುದರೊಳಗೆ ಬರುವುದಿಲ್ಲವಾ?

ಕೊನೆಗೆ ನೀವು ಹೊದ್ದು ಮಲಗುವ ವಿಷಯ. ಅದು ತಪ್ಪಲ್ಲ, ಕಾಯಿಲೆಯೂ ಅಲ್ಲ. ಈ ಪರಿಹಾರದ ಕೆಲಸದಲ್ಲಿ ಇಷ್ಟು ವರ್ಷ ಇದ್ದೂ ನನಗೆ ಈಗಲೂ ಮೊದಲ ಎರಡು ದಿನ ಊಟ ಸೇರುವುದಿಲ್ಲ. ಆದರೆ ಆ ಸಂಕಟದಲ್ಲಿ ಸ್ವಲ್ಪ ಭಾಗ ನಿಜ, ಸ್ವಲ್ಪ ಭಾಗ ಫೋನು ತಿರುಗಿಸಿ ತಿರುಗಿಸಿ ಕೊಟ್ಟದ್ದು. ಒಂದೇ ಮಗುವನ್ನು ಕಲ್ಲಿನಡಿಯಿಂದ ತೆಗೆಯುವ ವಿಡಿಯೊವನ್ನು ಇಪ್ಪತ್ತು ಸಲ ನೋಡಿದರೆ ಆ ಮಗುವಿಗೆ ಏನೂ ಆಗುವುದಿಲ್ಲ, ನಿಮ್ಮ ನಿದ್ದೆ ಮಾತ್ರ ಹೋಗುತ್ತದೆ. ಫಾರ್ವರ್ಡ್ ಮಾಡುವುದನ್ನಂತೂ ಬಿಡಿ. ಹೆಣಗಳ, ಅಳುವ ಹೆಂಗಸರ ಚಿತ್ರ ಅವು, ನಿಮ್ಮ ಸೆಕ್ಯುರಿಟಿಯ ಫೋನಿಗೂ ಯಾವುದೋ ಗುಂಪಿನಿಂದ ಬಂದು ಬೀಳುತ್ತವೆ, ಅದರಲ್ಲಿ ಯಾರ ಮುಖ ಇರುತ್ತದೋ. ನೀವು ಬೆಚ್ಚಗೆ ಮಲಗಿದರೆ ಅಲ್ಲಿ ಯಾರಿಗೂ ಚಳಿ ಜಾಸ್ತಿಯಾಗುವುದಿಲ್ಲ. ಚಳಿ ಜಾಸ್ತಿಯಾಗುವುದು ದುಡ್ಡು ಖಜಾಂಚಿಯ ಹತ್ತಿರವೇ ಕೂತರೆ, ಅಲ್ಲಿನ ಟಾರ್ಪಾಲಿನಡಿ ಚಳಿಗೆ ಜನ ಸತ್ತ ಸುದ್ದಿಗಳು ಆಗಲೇ ಬರುತ್ತಿವೆ. ಹಾಗಾಗಿ ಸಂಘದ ಸಭೆ, ರಜೆಯ ಮಾತು, ಎರಡನೆಯ ಕಂತು ಎಲ್ಲ ನಿಧಾನಕ್ಕೆ ಆಗಲಿ, ಕಂಬಳಿ ತಗಡಿನ ದುಡ್ಡು ಮಾತ್ರ ಈ ವಾರವೇ ಹೋಗಲಿ. ಅದರ ಜೊತೆ ಮೊಳೆ ಇದೆಯಾ ಅಂತಲೂ ಒಂದು ಮಾತು ಕೇಳಿ.